ಪಿಲ್ಲರ್‌ಗೆ ಪ್ಲಾಸ್ಟಿಕ್, ಮೋಲ್ಡ್‌ಗೆ ಬಾಡಿಗೆ ಶೀಟು

ಮಂಡ್ಯ ಸುತ್ತಮುತ್ತ ಮನೆ ಕಟ್ಟಿಕೊಡುವ ಸಣ್ಣ ಗುತ್ತಿಗೆದಾರ ನಾನು. ಹೆಚ್ಚಾಗಿ 30x40 ಅಡಿ ಸೈಟು, ಕೆಳಗೊಂದು ಮನೆ, ಮೇಲೊಂದು ಮನೆ, ಮಹಡಿಗೆ 12 ಪಿಲ್ಲರ್. ವರ್ಷಕ್ಕೆ ಐದು ಮನೆ ಮುಗಿಸಿಕೊಟ್ಟರೆ ಒಳ್ಳೆ ವರ್ಷ.

ಸೆಂಟ್ರಿಂಗ್‌ಗೆ, ಅಂದರೆ ಕಾಂಕ್ರೀಟ್ ಗಟ್ಟಿಯಾಗುವ ತನಕ ಹಿಡಿದಿಡುವ ಅಚ್ಚಿಗೆ, ಬಳಸುವ ಪ್ಲೈವುಡ್ ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. 12 ಎಂ.ಎಂ. ಹಲಗೆ ಏಳೆಂಟು ಸಲ ಕಾಂಕ್ರೀಟ್ ಕಂಡರೆ ಮುಗಿಯಿತು. ಅಂಚು ಉಬ್ಬುತ್ತದೆ, ಪದರ ಬಿಡುತ್ತದೆ, ಮೊಳೆ ತೂತೇ ಜಾಸ್ತಿಯಾಗಿ ಸಿಮೆಂಟ್ ಹಾಲು ಸೋರುತ್ತದೆ. ಕೊನೆಗೆ ಯಾರದೋ ನೀರೊಲೆಗೆ ಹೋಗುತ್ತದೆ. ಹಾಗಾಗಿ ಪಿಲ್ಲರ್‌ಗೆ ಮಾತ್ರ ಅಂತ ಪ್ಲಾಸ್ಟಿಕ್ ಪ್ಯಾನೆಲ್ ತಂದೆ. ಒಂದೇ ಸಲಕ್ಕೆ ನಾಲ್ಕು ಪಿಲ್ಲರ್ ನಿಲ್ಲುವಷ್ಟು, ಸುಮಾರು 140 ಚದರ ಅಡಿ.

ಕೊಳ್ಳುವ ಮೊದಲು ಹಾಕಿದ ಲೆಕ್ಕ ಇಷ್ಟೇ. ಚದರ ಅಡಿ ಲೆಕ್ಕದಲ್ಲಿ ಅದರ ಬೆಲೆ ನಾನು ತರುವ ಪ್ಲೈವುಡ್‌ನ ನಾಲ್ಕು ಪಟ್ಟು. ಪ್ಲೈವುಡ್ 8 ಸುತ್ತು ಬರುತ್ತದೆ ಅಂದರೆ ಪ್ಲಾಸ್ಟಿಕ್ 32 ಸುತ್ತು ಬಂದ ಮೇಲೆಯೇ ಹಾಕಿದ ದುಡ್ಡು ಸಮ. ನಾಲ್ಕರ ಸೆಟ್ಟಿನಲ್ಲಿ 12 ಪಿಲ್ಲರ್‌ಗೆ 3 ಸುತ್ತು, ಎರಡು ಮಹಡಿಗೆ 6, ಐದು ಮನೆಗೆ 30. ಅಂದರೆ ಸಾಮಾನಿನ ದುಡ್ಡು ವಾಪಸ್ ಬರಲು ಒಂದು ವರ್ಷ ದಾಟಬೇಕು. ಮಾರುವವರು ನೂರು ಸಲ ಬಳಸಬಹುದು ಅನ್ನುತ್ತಾರೆ. ಆ ನೂರು ನನ್ನ ಕೈಯಲ್ಲಿ ಎಷ್ಟು ವರ್ಷಕ್ಕೆ ಬರುತ್ತದೆ ಅನ್ನುವುದೇ ಮುಖ್ಯ. ವರ್ಷಕ್ಕೆ ಒಂದೇ ಮನೆ ಕಟ್ಟುವವರು ಇದನ್ನು ಕೊಳ್ಳಬೇಡಿ, ಬಾಡಿಗೆಗೆ ತನ್ನಿ.

ಮೊದಲ ದಿನ ಪ್ಯಾನೆಲ್ ಇಳಿಸುವಾಗ ಮೇಸ್ತ್ರಿ ಬೆರಳಲ್ಲಿ ತಟ್ಟಿ ನೋಡಿ, "ಇದು ಕಾಂಕ್ರೀಟ್ ತಡ್ಕತದಾ ಅಣ್ಣ? ಡಬ್ಬ ಇದ್ದಂಗೈತೆ" ಅಂದರು. ಅವರ ಅನುಮಾನ ಸುಳ್ಳಲ್ಲ. ಹತ್ತಡಿ ಪಿಲ್ಲರ್‌ಗೆ ಒಂದೇ ಉಸಿರಿಗೆ ಕಾಂಕ್ರೀಟ್ ತುಂಬಿದರೆ, ಅದು ಗಟ್ಟಿಯಾಗುವ ತನಕ ಬುಡದಲ್ಲಿ ಚದರ ಅಡಿಗೆ 650 ಕೆ.ಜಿ.ಗೂ ಮೇಲೆ ಒತ್ತಡ ಬೀಳುತ್ತದೆ. ಪ್ಯಾನೆಲ್‌ಗಳನ್ನು ಕಚ್ಚಿಸುವುದು ನೈಲಾನ್ ಹಿಡಿಕೆ. ತೂರಿಸಿ ಕಾಲು ಸುತ್ತು ತಿರುಗಿಸಬೇಕು. ನಮ್ಮ ಹುಡುಗರು ಅದಕ್ಕೆ ಚಾವಿ ಅನ್ನುತ್ತಾರೆ. ಎರಡನೇ ಮನೆಯಲ್ಲಿ ಬುಡದ ಚಾವಿ ಒಂದು ಅರ್ಧವೇ ತಿರುಗಿತ್ತು, ನಾನೂ ನೋಡಲಿಲ್ಲ. ವೈಬ್ರೇಟರ್ ಇಳಿಸಿದ ಕೂಡಲೇ ಮೂಲೆ ಬಾಯಿ ಬಿಟ್ಟು ಕಾಂಕ್ರೀಟ್ ಪಾದದ ಮೇಲೆ ಹರಿಯಿತು. ಆ ಪಿಲ್ಲರ್ ಪೂರ್ತಿ ತೆಗೆಸಿ, ಕಂಬಿ ತೊಳೆಸಿ, ಮಾರನೇ ದಿನ ಮತ್ತೆ ಹಾಕಿಸಿದೆ. ಅಂದಿನಿಂದ ಕಾಂಕ್ರೀಟ್‌ಗೆ ಮುಂಚೆ ಬುಡದಿಂದ ತುದಿವರೆಗೆ ಒಂದೊಂದು ಚಾವಿಯನ್ನೂ ನಾನೇ ಮುಟ್ಟಿ ನೋಡುತ್ತೇನೆ. ಅರ್ಧಕ್ಕೆ ತುಂಬಿ, ವೈಬ್ರೇಟರ್ ಕೊಟ್ಟು, ಆಮೇಲೆ ಉಳಿದದ್ದು. ಹೇಗಿದ್ದರೂ ಒಂದೂವರೆ ಮೀಟರ್‌ಗಿಂತ ಎತ್ತರದಿಂದ ಕಾಂಕ್ರೀಟ್ ಬೀಳಿಸಬಾರದು, ಜಲ್ಲಿ ಬೇರೆಯಾಗುತ್ತದೆ.

ಇನ್ನೊಂದು ತೊಂದರೆ ಅಳತೆಯದು. ನಮ್ಮ ಗೋಡೆ 9 ಇಂಚು, ಅಂದರೆ 230 ಎಂ.ಎಂ. ನಾನು ತಂದ ಪ್ಯಾನೆಲ್ 50 ಎಂ.ಎಂ. ಲೆಕ್ಕದಲ್ಲಿ ಏರುತ್ತದೆ: 200, ಇಲ್ಲವೇ 250. ಪಿಲ್ಲರ್ ಸಣ್ಣದು ಮಾಡುವ ಮಾತೇ ಇಲ್ಲ, 250ಕ್ಕೆ ಹೋಗಬೇಕು. 12 ಪಿಲ್ಲರ್‌ಗೆ ಹೆಚ್ಚು ಬೀಳುವ ಕಾಂಕ್ರೀಟ್ ಏಳೂವರೆ ಘನ ಅಡಿ, ಅದು ಭಾರವಲ್ಲ. ಆದರೆ ಗೋಡೆಯಿಂದ 20 ಎಂ.ಎಂ. ಹೊರಗೆ ಬರುತ್ತದೆ, ಪ್ಲಾಸ್ಟರಿಂಗ್ ಮಾಡಿದರೂ ಮುಚ್ಚುವುದಿಲ್ಲ. ಹಾಲ್ ನಡುವೆ ಹಾಗೆ ಕಂಡರೆ ಮನೆಯವರು ಸುಮ್ಮನಿರುತ್ತಾರೆಯೇ? ಈಗ ಪಾಯಕ್ಕೆ ದಾರ ಹಿಡಿಯುವ ಮೊದಲೇ ಇಂಜಿನಿಯರ್ ಜೊತೆ ಕೂತು, ಆ ಉಬ್ಬು ವಾರ್ಡ್‌ರೋಬ್ ಕಡೆಗೋ ಬಚ್ಚಲ ಕಡೆಗೋ ಬರುವಂತೆ ಗುರುತು ಹಾಕಿಸುತ್ತೇನೆ.

ಉಳಿತಾಯ ಮೊದಲ ಮನೆಯಲ್ಲೇ ಕಂಡದ್ದು ಕೂಲಿಯಲ್ಲಿ. ಮೊಳೆ ಇಲ್ಲ, ಗರಗಸ ಇಲ್ಲ, ಬಡಗಿಗೆ ಕಾಯುವುದಿಲ್ಲ. ಇಬ್ಬರು ಆಳು ನಿಲ್ಲಿಸುತ್ತಾರೆ, ಮೇಸ್ತ್ರಿ ತೂಗುಗುಂಡು ಹಿಡಿದು ನೋಡಿ ಓರೆ ಆಸರೆ ಕೊಡುತ್ತಾರೆ. ಪಿಲ್ಲರ್ ಪಕ್ಕದ ಹಲಗೆಯನ್ನು 16ರಿಂದ 24 ಗಂಟೆಗೆ ಬಿಚ್ಚಬಹುದು ಅನ್ನುತ್ತದೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐ.ಎಸ್. 456. ಅದು ಸಾಮಾನ್ಯ (ಒಪಿಸಿ) ಸಿಮೆಂಟ್‌ಗೆ ಹೇಳಿದ್ದು. ನಾನು ನಿಧಾನವಾಗಿ ಬಲ ಬರುವ ಪಿಪಿಸಿ ಸಿಮೆಂಟ್ ಹಾಕುವುದರಿಂದ ಪೂರಾ ಒಂದೂವರೆ ದಿನ ಬಿಡುತ್ತೇನೆ. ಬಿಚ್ಚಿದ ತಕ್ಷಣ ನೀರು ಹಾಕಿ ತೊಳೆದರೆ ಪ್ಯಾನೆಲ್ ಮತ್ತೆ ಕೆಲಸಕ್ಕೆ ತಯಾರು.

ಪಿಲ್ಲರ್ ಮುಖ ಮಾತ್ರ ಗಾಜಿನಂತೆ ನುಣುಪು. ಅದರ ಮೇಲೆ ಗಾರೆ ಕಚ್ಚುವುದಿಲ್ಲ. ಬಿಚ್ಚಿದ ದಿನವೇ, ಹಸಿ ಇರುವಾಗಲೇ ಸಣ್ಣಗೆ ಕಚ್ಚು ಹೊಡೆಸಿಬಿಡಿ. ತಿಂಗಳು ಬಿಟ್ಟರೆ ಉಳಿ ಜಾರುತ್ತದೆ.

ಬಿಸಿಲು ಇದಕ್ಕೆ ಶತ್ರು. ಏಪ್ರಿಲ್‌ನಲ್ಲಿ ಗೋಡೆಗೆ ಓರೆಯಾಗಿ ಒರಗಿಸಿಟ್ಟ ಎರಡು ಪ್ಯಾನೆಲ್ ಸಂಜೆಗೆ ಬಿಲ್ಲಿನಂತೆ ಬಾಗಿದ್ದವು. ಈಗ ನೆರಳಲ್ಲಿ ಸಪಾಟಾಗಿ ಪೇರಿಸಿ, ಮೇಲೆ ಗೋಣಿತಾಟು ಹೊದಿಸುತ್ತೇವೆ. ಹತ್ತಿರ ವೆಲ್ಡಿಂಗ್ ಮಾಡಲು ಬಿಡುವುದಿಲ್ಲ.

ಮೋಲ್ಡ್‌ಗೂ, ಅಂದರೆ ತಾರಸಿ ಕಾಂಕ್ರೀಟ್‌ಗೂ, ಇದನ್ನೇ ಹಾಕಬಾರದೇ ಅಂತ ತುಂಬ ಜನ ಕೇಳುತ್ತಾರೆ. ನನ್ನ ಮಟ್ಟಿಗೆ ಬೇಡ. ನಾಲ್ಕೂವರೆ ಮೀಟರ್ ಒಳಗಿನ ಅಗಲಕ್ಕೂ ಊರುಗೋಲು ಕನಿಷ್ಠ 7 ದಿನ, ಅದಕ್ಕಿಂತ ದೊಡ್ಡದಕ್ಕೆ 14 ದಿನ ಇರಲೇಬೇಕು. ಪಿಪಿಸಿಗೆ ಇನ್ನೂ ಹೆಚ್ಚು. ಮನೆಯಗಲದ ಸಾಮಾನು ಅಷ್ಟು ದಿನ ಒಂದೇ ಕಡೆ ಸಿಕ್ಕಿಕೊಂಡರೆ 32 ಸುತ್ತು ಯಾವಾಗ ಬರಬೇಕು? ಕಬ್ಬಿಣದ ಶೀಟು, ಜಾಕಿ ಬಾಡಿಗೆಗೆ ಸಿಗುತ್ತವೆ, ಅದೇ ಸರಿ. ಮೆಟ್ಟಿಲಿಗೂ ಸಜ್ಜಕ್ಕೂ ಇವತ್ತಿಗೂ ಪ್ಲೈವುಡ್ಡೇ.

ಹೋದ ತಿಂಗಳಿಂದ ಮದ್ದೂರಿನ ಗೆಳೆಯರೊಬ್ಬರ ಜೊತೆ ಮಾತಾಗಿದೆ. ನಮ್ಮಲ್ಲಿ ಗೋಡೆ ಏಳುವ ವಾರಗಳಲ್ಲಿ ಸೆಟ್ಟು ಅವರ ಸೈಟಿಗೆ. ಹೋಗುವಾಗಲೂ ಬರುವಾಗಲೂ ಇಬ್ಬರೂ ನಿಂತು ಚಾವಿ ಎಣಿಸುತ್ತೇವೆ.