ನೀರು ನಿಲ್ಲುವ ಜಾಗ ಕೇಳುತ್ತಾ ಬೆಂಗಳೂರು ಸುತ್ತಿದ್ದು

ಬೆಂಗಳೂರನ್ನು ನಡೆದು ನೋಡಬೇಕು ಅಂತ ಹೊರಡುವ ಗೆಳೆಯರಿಗೆ ನಾನು ಹೇಳುವುದು ಇಷ್ಟೇ: "ಇಲ್ಲಿ ಹಳೇದು ಏನಿದೆ?" ಅಂತ ಯಾರನ್ನೂ ಕೇಳಬೇಡಿ. ಕೇಳಿದರೆ ಟಿಪ್ಪು ಅರಮನೆ, ದೊಡ್ಡ ಬಸವಣ್ಣನ ಗುಡಿ ಅಂತ ಕೈ ತೋರಿಸಿ ಕಳಿಸುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಅದರ ಬದಲು "ಜೋರು ಮಳೆ ಬಂದ್ರೆ ಈ ಕಡೆ ನೀರು ಎಲ್ಲಿ ನಿಲ್ಲುತ್ತೆ?" ಅಂತ ಕೇಳಿ ನೋಡಿ. ಇಸ್ತ್ರಿ ಅಂಗಡಿಯವರು ಪೆಟ್ಟಿಗೆ ಪಕ್ಕಕ್ಕಿಟ್ಟು ಶುರು ಮಾಡುತ್ತಾರೆ. ಆಟೋದವರು ಇಳಿದು ಬಂದು ಗೋಡೆ ಮೇಲಿನ ಕಲೆ ತೋರಿಸುತ್ತಾರೆ. ದಾರಿಯಲ್ಲಿ ಹೋಗುತ್ತಿದ್ದವರೂ ನಿಂತು "ಅಲ್ಲಲ್ಲ, ಮೊದಲು ಇಲ್ಲಿ ಏನಿತ್ತು ಗೊತ್ತಾ?" ಅಂತ ಸೇರಿಕೊಳ್ಳುತ್ತಾರೆ. ಬೇಕಾಗಿದ್ದು ಅದೇ ಅಲ್ವಾ?

ಈ ಪ್ರಶ್ನೆ ಬೆಂಗಳೂರಿನಲ್ಲಿ ಕೆಲಸ ಮಾಡುವುದಕ್ಕೆ ಕಾರಣ ಇದೆ. ಊರಿನ ಪಕ್ಕ ದೊಡ್ಡ ಹೊಳೆ ಇಲ್ಲ. ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ದಿಣ್ಣೆ ಮೇಲೆ ಊರು ಕೂತಿದೆ. 1537ರಲ್ಲಿ ಕೆಂಪೇಗೌಡರು ಪೇಟೆ ಕಟ್ಟಿದ ಮೇಲೂ ಜನ ಬದುಕಿದ್ದು ಕೆರೆ, ಬಾವಿ ನಂಬಿಕೊಂಡೇ. ಮೇಲಿನ ಕೆರೆ ತುಂಬಿದರೆ ಕೋಡಿ ಹರಿದು ನೀರು ಕೆಳಗಿನ ಕೆರೆಗೆ ಹೋಗುತ್ತಿತ್ತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. ಆಮೇಲೆ ಊರ ನಡುವಿನ ಕೆರೆಗಳ ಕಡೆ ನೋಡುವವರು ಕಮ್ಮಿಯಾದರು. ಒಂದೊಂದಾಗಿ ಮೈದಾನವಾದವು, ಬಸ್ ನಿಲ್ದಾಣವಾದವು. ಆದರೆ ತಗ್ಗು ಎಲ್ಲಿಗೂ ಹೋಗಿಲ್ಲ. ಬೈಕಿನಲ್ಲಿ ಹೋಗುವವರಿಗೆ ಅದು ಗೊತ್ತಾಗುವುದಿಲ್ಲ, ಮೊಣಕಾಲಿಗೆ ಗೊತ್ತಾಗುತ್ತದೆ.

ನಾನು ಶುರು ಮಾಡುವುದು ಮೆಜೆಸ್ಟಿಕ್‌ನಿಂದ. ಅದು ಧರ್ಮಾಂಬುಧಿ ಕೆರೆಯ ಜಾಗ. ಭಾನುವಾರ ಬೆಳಿಗ್ಗೆ ಬೇಗ ಹೋದರೆ ಗಾಂಧಿನಗರದ ಕಡೆಯಿಂದ ನಿಲ್ದಾಣಕ್ಕೆ ಇಳಿಯುವ ರಸ್ತೆಗಳು ಖಾಲಿ ಇರುತ್ತವೆ, ಇಳಿಜಾರು ಚೆನ್ನಾಗಿ ಕಾಣುತ್ತದೆ. ಹತ್ತಿರದಲ್ಲೇ ಟ್ಯಾಂಕ್ ಬಂಡ್ ರಸ್ತೆ ಇದೆ. ಒಂದು ಹೋಟೆಲ್ ಮುಂದೆ ಬೈಟು ಕಾಫಿ ಹಿಡಿದು ನಿಂತಿದ್ದಾಗ ಪಕ್ಕದ ಯಜಮಾನರನ್ನು ನನ್ನ ಮಾಮೂಲಿ ಪ್ರಶ್ನೆ ಕೇಳಿದೆ. ಅವರು ನಿವೃತ್ತ ಬಸ್ ಚಾಲಕರು. ನೀರಿನ ಮಾತು ಎರಡು ನಿಮಿಷದಲ್ಲಿ ಮುಗಿಸಿ, ಬೇರೆಯದೇ ಹೇಳಿದರು. "ಈ ಇಳಿಜಾರು ಇತ್ತಲ್ಲ ಸಾರ್, ನಮಗದು ದೊಡ್ಡ ಉಪಕಾರ. ಹಳೇ ಗಾಡಿ, ಬೆಳಿಗ್ಗೆ ಸೆಲ್ಫ್ ಹಿಡೀತಿರಲಿಲ್ಲ. ಅದಕ್ಕೆ ರಾತ್ರಿ ಇಳಿಮುಖ ಮಾಡಿ ನಿಲ್ಲಿಸ್ತಿದ್ವಿ. ಬೆಳಿಗ್ಗೆ ಬ್ರೇಕ್ ಬಿಟ್ಟು ಗೇರ್ ಹಾಕಿದ್ರೆ ಸ್ಟಾರ್ಟು!" ಕೆರೆಯ ದಂಡೆಯಿಂದ ಹೀಗೂ ಉಪಯೋಗ ಆಗಿತ್ತು ಅಂತ ನಾನಂತೂ ಊಹಿಸಿರಲಿಲ್ಲ.

ಅಲ್ಲಿಂದ ಕೆ.ಆರ್. ಮಾರ್ಕೆಟ್. ಅದು ಸಿದ್ದಿಕಟ್ಟೆ ಕೆರೆ ಇದ್ದ ಜಾಗ. ಹೂವಿನವರ ಹತ್ತಿರ ಬೆಳಿಗ್ಗೆ ಮಾತಾಡಲು ಹೋಗಬೇಡಿ, ಅವರಿಗೆ ಪುರುಸೊತ್ತಿರುವುದಿಲ್ಲ. ಸೇವಂತಿಗೆ ಮೂಟೆ ಹೊತ್ತವರು "ಸೈಡು, ಸೈಡು" ಅಂತ ತಳ್ಳಿಕೊಂಡೇ ಹೋಗುತ್ತಾರೆ. ನಾನು ಸುಮ್ನೆ ಒಂದು ಮೊಳ ಕನಕಾಂಬರ ಕೊಂಡು ಕೋಟೆ ಕಡೆ ನಡೆಯುತ್ತೇನೆ.

ಕೋಟೆಯಲ್ಲಿ ಈಗ ಉಳಿದಿರುವುದು ದೆಹಲಿ ಬಾಗಿಲು, ಒಂದಿಷ್ಟು ಗೋಡೆ, ಅಷ್ಟೇ. ಹತ್ತಿರದಲ್ಲೇ ರಸ್ತೆ ಬದಿಗೆ ಇಂಗ್ಲಿಷಿನಲ್ಲಿ ಬರೆದ ಒಂದು ಕಲ್ಲು ಇದೆ. ಅದರ ಮುಂದೆ ಎಳನೀರು ಮಾರುತ್ತಿದ್ದವರು ನಾನು ಓದುವುದನ್ನು ನೋಡಿ, "ಅದ್ರಲ್ಲಿ ಏನ್ ಬರ್ದಿದೆ ಅಣ್ಣ? ಎಲ್ಲಾ ಫೋಟೋ ತಗೀತಾರೆ, ಯಾರೂ ಹೇಳಲ್ಲ" ಅಂದರು. ಈ ಒಡಕಿನಿಂದಲೇ ಬ್ರಿಟಿಷರು ಒಳಗೆ ನುಗ್ಗಿದರು, 1791ನೇ ಇಸವಿ ಮಾರ್ಚ್ 21ರಂದು, ಅಂತ ಹೇಳಿದೆ. ಅವರು ಮಚ್ಚು ಹಿಡಿದುಕೊಂಡೇ ಗೋಡೆಯನ್ನೊಮ್ಮೆ, ರಸ್ತೆಯನ್ನೊಮ್ಮೆ ನೋಡಿದರು. "ಸುತ್ತ ಕಂದಕ ಇತ್ತಂತಲ್ಲ, ಅದನ್ನ ಹೆಂಗೆ ದಾಟಿದ್ರು?" ಕಾರ್ನ್‌ವಾಲಿಸ್‌ನ ಸೇನೆ ಮೊದಲು ಪೇಟೆ ಹಿಡಿದು, ಪೇಟೆಯ ಕಡೆಯಿಂದಲೇ ಎರಡು ವಾರ ಫಿರಂಗಿ ಹೊಡೆದು ಗೋಡೆ ಒಡೆಯಿತು, ಅಂತ ನನಗೆ ಗೊತ್ತಿದ್ದಷ್ಟು ಹೇಳಿದೆ. ಕಂದಕದ ಪ್ರಶ್ನೆಗೆ ಅವರಿಗೆ ಸಮಾಧಾನ ಆದಂತೆ ಕಾಣಲಿಲ್ಲ. ನಿಜ ಹೇಳಬೇಕೆಂದರೆ ಅಷ್ಟು ಸರಿಯಾದ ಪ್ರಶ್ನೆಯನ್ನು ಗೈಡ್ ಕರೆದುಕೊಂಡು ಬರುವ ಗುಂಪಿನಲ್ಲೂ ನಾನು ಕೇಳಿಲ್ಲ.

ಇನ್ನೊಂದು ಕೆರೆ ಸಂಪಂಗಿ. ಅಲ್ಲೀಗ ಕಂಠೀರವ ಕ್ರೀಡಾಂಗಣ. ಪಕ್ಕದಲ್ಲಿ ಚಿಕ್ಕದೊಂದು ಕುಂಟೆ ಮಾತ್ರ ಉಳಿದಿದೆ, ಅದೂ ಕರಗದ ಪುಣ್ಯದಿಂದ. ಧರ್ಮರಾಯನ ಗುಡಿಯ ಕರಗಕ್ಕೂ ಸಂಪಂಗಿ ಕೆರೆಗೂ ಹಳೆಯ ನಂಟು. ಆ ಪೂಜೆ ನಡೆಯಬೇಕಾದ್ದರಿಂದ ಅಷ್ಟು ನೀರನ್ನು ಯಾರೂ ಮುಚ್ಚಲಿಲ್ಲ. ಇಷ್ಟು ದೊಡ್ಡ ಕೆರೆಯನ್ನು ಉಳಿಸಲಾಗದ ಊರು ಒಂದು ಆಚರಣೆಗಾಗಿ ಅಷ್ಟನ್ನಾದರೂ ಬಿಟ್ಟುಕೊಂಡಿತಲ್ಲ ಅನ್ನಿಸುತ್ತದೆ. ಕರಗ ದಾರಿಯಲ್ಲಿ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತದೆ. ಆ ದಾರಿಯನ್ನು ಒಮ್ಮೆ ಹಗಲಿನಲ್ಲಿ ನಡೆದು ನೋಡಿ. ಪೇಟೆಯ ಗಲ್ಲಿಗಳ ಏರಿಳಿತ ಕಾಲಿಗೆ ಅಂಟಿಕೊಳ್ಳುತ್ತದೆ.

ಮೆಜೆಸ್ಟಿಕ್ ಕಡೆಯ ನೀರು ರಾಜಕಾಲುವೆ ಹಿಡಿದು ಮಾರ್ಕೆಟ್, ಶಾಂತಿನಗರ ದಾಟಿ ಬೆಳ್ಳಂದೂರಿಗೆ ಹೋಗುತ್ತದೆ. ಅಲ್ಲಿಂದ ವರ್ತೂರು, ಮುಂದೆ ದಕ್ಷಿಣ ಪಿನಾಕಿನಿ, ತಮಿಳುನಾಡು. ಶಾಂತಿನಗರದಿಂದ ಕೆಳಕ್ಕೆ ಕಾಲುವೆ ಪಕ್ಕದಲ್ಲೇ ನಡೆಯಲು ದಾರಿ ಮಾಡಿದ್ದಾರೆ. ವಾಸನೆ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ನನಗೆ ಜಾಸ್ತಿ ಜನ ಸಿಕ್ಕಿದ್ದು ಇಲ್ಲೇ. ನಡೆಯುತ್ತಾ, ನಿಲ್ಲುತ್ತಾ, ಮನೆಗಳ ಹಿಂಬದಿ ನೋಡುವ ಮನುಷ್ಯನನ್ನು ಕಂಡರೆ ಎಲ್ಲರಿಗೂ ಅನುಮಾನ. "ಕಾರ್ಪೊರೇಷನ್ನವರಾ?" ಇಲ್ಲ ಅಂದರೆ "ಸೈಟ್ ನೋಡ್ತಿದೀರಾ?" ಬ್ರೋಕರ್ ಒಬ್ಬರು ಅರ್ಧ ಕಿಲೋಮೀಟರ್ ಜೊತೆಗೇ ಬಂದು ಮೂರು ಮನೆ ತೋರಿಸಿದರು. ಬೇಡ ಅಂದರೂ ಬಿಡಲಿಲ್ಲ. ಕೊನೆಗೆ ನನ್ನ ಪ್ರಶ್ನೆ ಕೇಳಿದೆ. ಮನೆ ಮಾರುವವರಿಗೆ ಅದೊಂದು ಪ್ರಶ್ನೆ ಮಾತ್ರ ಆಗುವುದಿಲ್ಲ ನೋಡಿ, ಫೋನ್ ಬಂತು ಅಂತ ಹೊರಟೇ ಹೋದರು.

ಕೋರಮಂಗಲದಲ್ಲಿ ರಾಷ್ಟ್ರೀಯ ಕ್ರೀಡಾಗ್ರಾಮದ ಎತ್ತರದ ಕಟ್ಟಡಗಳಿವೆ. 1997ರ ಕ್ರೀಡಾಕೂಟಕ್ಕೆ ಕೆರೆಯ ಜಾಗದಲ್ಲೇ ಕಟ್ಟಿದ್ದು. ಕಾಲುವೆ ಹತ್ತಿರದ ಸಣ್ಣ ಗುಡಿ ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದ ತಾತ ಒಬ್ಬರು ಸಿಕ್ಕರು. ಅವರ ಲೆಕ್ಕದಲ್ಲಿ ಆ ಕಟ್ಟಡಗಳಿಗೆ ಬ್ಲಾಕ್ ನಂಬರ್ ಇಲ್ಲ. "ಅಗೋ ಅಲ್ಲಿ ಗಾಳ ಹಾಕ್ತಿದ್ವಿ. ಆ ಕಡೆ ಎಮ್ಮೆ ತೊಳೆಯೋದು. ಇತ್ತ ಮಡಿವಾಳರು ಬಟ್ಟೆ ಒಗೆಯೋದು." ನಾಲ್ಕನೇ ಮಹಡಿಯಲ್ಲಿ ಯಾರೋ ಬಟ್ಟೆ ಒಣಗಿಸುತ್ತಿದ್ದರು. "ಅದೂ ಸರಿಯಾಗೇ ಇದೆ ಬಿಡಿ" ಅಂತ ನಕ್ಕರು.

ಇಂಥ ಸುತ್ತಾಟಕ್ಕೆ ಸಾಮಾನು ಜಾಸ್ತಿ ಬೇಡ. ನೀರಿನ ಬಾಟಲಿ, ಒದ್ದೆಯಾದರೂ ಜಾರದ ಚಪ್ಪಲಿ, ಚಿಲ್ಲರೆ. ಫೋನ್ ಜೇಬಿನಲ್ಲೇ ಇರಲಿ. ಮೊದಲು ಮಾತು, ಫೋಟೋ ಆಮೇಲೆ, ಅದೂ ಕೇಳಿ. ಗುಡಿ ಕಟ್ಟೆ ಸಿಕ್ಕರೆ ಐದು ನಿಮಿಷ ಕೂತುಬಿಡಿ. ನಿಂತವನಿಗೆ ದಾರಿ ಹೇಳುತ್ತಾರೆ, ಕೂತವನಿಗೆ ಕಥೆ ಹೇಳುತ್ತಾರೆ.

ದಿಣ್ಣೆಯ ಇನ್ನೊಂದು ಮಗ್ಗುಲಿಗೆ ಹೋದರೆ ಮಲ್ಲೇಶ್ವರ. ಕಾಡು ಮಲ್ಲೇಶ್ವರನ ಗುಡಿ ಎದುರು ನಂದಿತೀರ್ಥ ಇದೆ. 1997ರವರೆಗೂ ಅದು ಮಣ್ಣಿನಡಿ ಹೂತುಹೋಗಿತ್ತು. ಅಗೆದಾಗ ನಂದಿಯ ಬಾಯಿಂದ ಲಿಂಗದ ಮೇಲೆ ನೀರು ಬೀಳುವ ಗುಡಿ, ಕಲ್ಯಾಣಿ ಹೊರಬಂದವು. ಮೆಟ್ಟಿಲ ಮೇಲೆ ಕೂತಿದ್ದ ಅಜ್ಜಿಯನ್ನು, "ನಿಮಗೆ ಮೊದಲೇ ಗೊತ್ತಿತ್ತಾ ಅಜ್ಜಿ, ಕೆಳಗೆ ಗುಡಿ ಇದೆ ಅಂತ?" ಕೇಳಿದೆ. "ಎಲ್ಲಿ ಗೊತ್ತಪ್ಪ! ನಮ್ಮ ಹುಡುಗರು ಇದರ ಮೇಲೇನೇ ಕ್ರಿಕೆಟ್ ಆಡ್ತಿದ್ರು. ಎಷ್ಟು ಬೇಸಿಗೆ ಬಂದ್ರೂ ಇಲ್ಲಿ ಹುಲ್ಲು ಒಣಗ್ತಿರಲಿಲ್ಲ, ಅಷ್ಟೇ ಗೊತ್ತಿದ್ದಿದ್ದು" ಅಂದರು.

ಈ ಮಗ್ಗುಲಿನ ನೀರು ವೃಷಭಾವತಿ ಸೇರಿ, ಅರ್ಕಾವತಿಯಾಗಿ, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಗೆ ಹೋಗುತ್ತದೆ. ಕೆಂಪಾಂಬುಧಿ ಕೆರೆಯಿಂದ ಆ ದಾರಿ ಹಿಡಿಯಬೇಕು ಅಂತಿದ್ದೇನೆ. ಮಳೆಗಾಲ ಮುಗಿಯಲಿ, ಆ ಕಡೆ ಅಂಚಿನಲ್ಲಿ ಕಾಲಿಡಲು ಜಾಗ ಇರುವುದೇ ಆಗ.