ರೈಫಲ್ ಕೊನೆಗೆ ಕೊಳ್ಳಿ: ಶೂಟಿಂಗ್‌ಗೆ ಇಳಿಯುವವರಿಗೆ ಖರ್ಚಿನ ಲೆಕ್ಕ

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದದ್ದು ಆರು ಪದಕ. ಅದರಲ್ಲಿ ಮೂರು ಶೂಟಿಂಗ್‌ನವು. ರೈಫಲ್‌ನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಕೊಲ್ಹಾಪುರ ಜಿಲ್ಲೆಯ ಹಳ್ಳಿಯವರು, ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರ್ ಆಗಿದ್ದವರು. ನಮ್ಮ ತೀರ್ಥಹಳ್ಳಿ, ಸಾಗರ, ಶಿವಮೊಗ್ಗದ ಮಕ್ಕಳಿಗೂ ಆಸೆ ಹುಟ್ಟುವುದು ಸಹಜ ಅಲ್ವಾ? ಆಗ ಅಪ್ಪ ಅಮ್ಮ ಮೊದಲು ಕೇಳುವುದು ರೈಫಲ್‌ಗೆ ಎಷ್ಟಾಗುತ್ತೆ ಅಂತ. ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ರೈಫಲ್‌ಗೆ ದುಡ್ಡು ಹಾಕುವುದು ಒಂದೇ ಸಲ. ತಿಂಗಳು ತಿಂಗಳೂ ಆಗುವ ಖರ್ಚನ್ನು ಮೊದಲೇ ಲೆಕ್ಕ ಹಾಕದವರು ವರ್ಷ ತುಂಬುವುದರೊಳಗೆ ಆಟ ಬಿಡುತ್ತಾರೆ.

ಯಾವುದರಿಂದ ಶುರು?

10 ಮೀಟರ್ ಏರ್ ರೈಫಲ್‌ನಿಂದ, ಅಂದರೆ ಒತ್ತಿ ತುಂಬಿದ ಗಾಳಿಯ ಬಲದಿಂದ ಹತ್ತು ಮೀಟರ್ ದೂರದ ಗುರಿಗೆ ಹೊಡೆಯುವ ರೈಫಲ್‌ನಿಂದ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದರಲ್ಲೇ. 4.5 ಮಿ.ಮೀ. ನಳಿಗೆಯ, ಹೊಡೆತದ ಶಕ್ತಿ 20 ಜೌಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. ಸ್ಪರ್ಧೆಯ ರೈಫಲ್‌ಗಳು ಈ ಮಿತಿಯ ಒಳಗೇ ಇರುತ್ತವೆ. 50 ಮೀಟರ್‌ನ ಪಾಯಿಂಟ್ 22 (ನಳಿಗೆ 0.22 ಇಂಚು) ರೈಫಲ್‌ಗೆ ಲೈಸೆನ್ಸ್ ಬೇಕು, ಗುಂಡಿನ ಖರ್ಚೂ ಜಾಸ್ತಿ. ಅದು ಆಮೇಲಿನ ಮಾತು.

ಮನೆಯಲ್ಲಿ ಬೆಳೆ ಕಾಯಲು ಲೈಸೆನ್ಸ್ ಪಡೆದ ಕೋವಿ ಇದ್ದರೆ ಅದಕ್ಕೂ ಈ ಆಟಕ್ಕೂ ಸಂಬಂಧವಿಲ್ಲ. ಏರ್ ರೈಫಲ್ ಹಿಡಿದು ತೋಟದ ಹಕ್ಕಿಗಳ ಕಡೆ ತಿರುಗಿಸುವುದಂತೂ ಕೂಡದೇ ಕೂಡದು. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮಗುವಿಗೆ ಇದನ್ನು ಮೊದಲ ದಿನವೇ ಹೇಳಿ.

ಮೊದಲ ಮೂರು ನಾಲ್ಕು ತಿಂಗಳು ಏನನ್ನೂ ಕೊಳ್ಳಬೇಡಿ

ಕ್ಲಬ್ಬಿನ ರೈಫಲ್‌ನಲ್ಲೇ ಕಲಿಯಲಿ. ಶಾಲೆ ಅಥವಾ ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಸೇರಿಸಿ. ಅಲ್ಲಿ ಪಾಯಿಂಟ್ 22 ರೈಫಲ್ ಹಿಡಿಯುವುದು, ಉಸಿರು ಹಿಡಿದು ನಿಲ್ಲುವುದು, ಟ್ರಿಗರ್ ಮೆಲ್ಲಗೆ ಒತ್ತುವುದು, ಇದೆಲ್ಲ ಸರ್ಕಾರದ ಗುಂಡಿನಲ್ಲೇ ಕಲಿಯಬಹುದು. ಮಗುವಿಗೆ ನಿಜವಾಗಿ ಇಷ್ಟವೋ ಅಥವಾ ಟಿವಿ ನೋಡಿ ಬಂದ ಹುಮ್ಮಸ್ಸೋ ಎಂಬುದು ಅಷ್ಟರಲ್ಲಿ ಗೊತ್ತಾಗುತ್ತದೆ.

ಪೆಲೆಟ್ ಲೆಕ್ಕ

ಪಂದ್ಯದಲ್ಲಿ 75 ನಿಮಿಷಕ್ಕೆ 60 ಶಾಟ್. ಅದಕ್ಕೂ ಮೊದಲು 15 ನಿಮಿಷ ಗುರಿ ಹೊಂದಿಸಿಕೊಳ್ಳುವ ಶಾಟ್‌ಗಳಿಗೆ. ಹೀಗಾಗಿ ಒಂದು ದಿನದ ಅಭ್ಯಾಸಕ್ಕೆ 80 ಪೆಲೆಟ್ (ಏರ್ ರೈಫಲ್‌ಗೆ ಹಾಕುವ ಚಿಕ್ಕ ಗುಂಡು) ಎಂದಿಟ್ಟುಕೊಳ್ಳಿ. ತಿಂಗಳಿಗೆ 20 ದಿನ ಹೊಡೆದರೆ 1,600. 500 ಪೆಲೆಟ್‌ನ ಡಬ್ಬಿ ಮೂರು ಸಾಲುವುದಿಲ್ಲ. ಡಬ್ಬಿಗೆ 800 ರೂಪಾಯಿ ಹಿಡಿದರೂ ತಿಂಗಳಿಗೆ 2,500 ರೂಪಾಯಿಯ ಮೇಲಾಯಿತು, ವರ್ಷಕ್ಕೆ 30,000 ದಾಟಿತು. ಹೊರದೇಶದ ಒಳ್ಳೆಯ ಪೆಲೆಟ್ ಆದರೆ ಇನ್ನೂ ಹೆಚ್ಚು.

ಇದನ್ನು ಅರ್ಧಕ್ಕಿಳಿಸುವ ದಾರಿ ಡ್ರೈ ಫೈರಿಂಗ್. ಪೆಲೆಟ್ ಹಾಕದೆ ನಿಂತು, ಗುರಿ ಹಿಡಿದು, ಟ್ರಿಗರ್ ಒತ್ತಿ, ಒತ್ತಿದ ಮೇಲೂ ನಳಿಗೆ ಅಲುಗದಂತೆ ಹಿಡಿದು ನಿಲ್ಲುವುದು. ದೊಡ್ಡ ಶೂಟರ್‌ಗಳೂ ಇದನ್ನು ಬಿಡುವುದಿಲ್ಲ. ಗುರಿಯ ನಡುವಿನ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಅದನ್ನು ಮುಟ್ಟಿಸುವುದು ಮೈಯ ಸ್ಥಿರತೆ. ಅದಕ್ಕೆ ಪೆಲೆಟ್ ಸುಡಬೇಕಾಗಿಲ್ಲ.

ಮನೆಯಲ್ಲೇ ಜಾಗ

ಈ ವಿಷಯದಲ್ಲಿ ಮಲೆನಾಡಿನವರು ಪುಣ್ಯವಂತರು. ಪಟ್ಟಣದ ಫ್ಲ್ಯಾಟಿನಲ್ಲಿ ಸಿಗದ ಹತ್ತು ಮೀಟರ್ ಉದ್ದ ನಮ್ಮ ಹಳೇ ಮನೆಯ ಜಗಲಿಯಲ್ಲೋ ಅಡಿಕೆ ದಾಸ್ತಾನಿಡುವ ಶೆಡ್ಡಿನಲ್ಲೋ ಸಿಗುತ್ತದೆ. ನಿಲ್ಲುವ ಗೆರೆಯಿಂದ ಗುರಿಯ ಮುಖಕ್ಕೆ 10 ಮೀಟರ್ ಅಳೆಯಿರಿ. ಗುರಿಯ ನಡು ನೆಲದಿಂದ 1.4 ಮೀಟರ್ ಎತ್ತರದಲ್ಲಿರಲಿ. ಹಿಂದೆ ಪೆಲೆಟ್ ಹಿಡಿಯುವ ದಪ್ಪ ತಗಡಿನ ಪೆಟ್ಟಿಗೆ, ಅದರ ಹಿಂದೆ ಗಟ್ಟಿ ಗೋಡೆ. ವೆಲ್ಡಿಂಗ್ ಅಂಗಡಿಯಲ್ಲಿ ಹೇಳಿ ಮಾಡಿಸಿದರೆ ಪೆಟ್ಟಿಗೆಗೆ ಹೆಚ್ಚೇನೂ ಆಗುವುದಿಲ್ಲ. ಗುರಿಯ ಪಕ್ಕ ಬಾಗಿಲಿದ್ದರೆ ಒಳಗಿನಿಂದ ಚಿಲಕ ಹಾಕಿ. ನಾಯಿ, ಬೆಕ್ಕು, ಕೆಲಸದವರು ಯಾರೂ ಆ ಕಡೆ ಬರುವಂತಿರಬಾರದು. ಪೆಲೆಟ್ ಸೀಸದ್ದು, ಹಾಗಾಗಿ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಚಕ್ಕುಲಿ ಡಬ್ಬಿಗೆ ಕೈ ಹಾಕುವಂತಿಲ್ಲ.

ರೈಫಲ್‌ಗಿಂತ ಮೊದಲು ಜಾಕೆಟ್

ಸ್ವಂತದ್ದಾಗಿ ಮೊದಲು ಕೊಳ್ಳಬೇಕಾದ್ದು ಮೈ ಅಲುಗದಂತೆ ಹಿಡಿಯುವ ಶೂಟಿಂಗ್ ಜಾಕೆಟ್, ಪ್ಯಾಂಟು, ಗ್ಲೌಸು. ಇವನ್ನು ಇನ್ನೊಬ್ಬರದ್ದು ಹಾಕಿಕೊಂಡರೆ ನಿಲುವೇ ಕೆಡುತ್ತದೆ. ಭಾರತದಲ್ಲೇ ಅಳತೆ ಕೊಟ್ಟು ಹೊಲಿಸುವ ಸೆಟ್ ಸುಮಾರು 20ರಿಂದ 40 ಸಾವಿರ. ಬೆಳೆಯುವ ಮಗುವಿಗೆ ಹೊರದೇಶದ್ದು ಬೇಡ, ಎರಡು ವರ್ಷಕ್ಕೆ ತೋಳು ಗಿಡ್ಡವಾಗುತ್ತದೆ. ಪಂದ್ಯಕ್ಕೆ ಮೊದಲು ಜಾಕೆಟ್ ಪರೀಕ್ಷೆ ಮಾಡುತ್ತಾರೆ. ಬಟ್ಟೆ 2.5 ಮಿ.ಮೀ.ಗಿಂತ ದಪ್ಪ ಇರಬಾರದು, ಬಾಗದಷ್ಟು ಬಿರುಸಾಗಿಯೂ ಇರಬಾರದು. ಮಳೆಗಾಲದಲ್ಲಿ ಬೂಸ್ಟು ಹಿಡಿದರೆ ನೆರಳಲ್ಲಿ ಗಾಳಿಗೆ ಹರಡಿ ಒಣಗಿಸಿ. ಒಲೆ ಮೇಲಿನ ಅಟ್ಟಕ್ಕೆ ಹಾಕಬೇಡಿ, ಕ್ಯಾನ್ವಾಸು ಬಿರುಸಾಗಿ ಪರೀಕ್ಷೆಯಲ್ಲೇ ಹೊರಗೆ ಕಳಿಸಬಹುದು.

ಈಗ ರೈಫಲ್

ವಾಲ್ಥರ್, ಫೈನ್‌ವೆರ್ಕ್‌ಬೌ, ಆನ್‌ಶುಟ್ಜ್‌ನಂಥ ಜರ್ಮನ್ ರೈಫಲ್‌ಗಳ ಒಳ್ಳೆಯ ಮಾದರಿಗಳು 2 ಲಕ್ಷ ದಾಟುತ್ತವೆ. ಭಾರತದಲ್ಲೇ ತಯಾರಾಗುವವು ಅದಕ್ಕಿಂತ ಬಹಳ ಕಡಿಮೆಗೆ ಸಿಗುತ್ತವೆ, ಕಲಿಯಲು ಸಾಕು. ಕ್ಲಬ್ಬಿನ ರೈಫಲ್‌ನಲ್ಲಿ 60 ಶಾಟ್‌ಗೆ 600 ಅಂಕ ಮತ್ತೆ ಮತ್ತೆ ಬರತೊಡಗುವವರೆಗೆ ಸ್ವಂತದ್ದಕ್ಕೆ ದುಡ್ಡು ಹಾಕಬೇಡಿ ಎಂಬುದು ನನ್ನ ಸಲಹೆ. ಇದು ದಶಮಾಂಶದ ಲೆಕ್ಕ; ಇದರಲ್ಲಿ ಒಂದು ಶಾಟ್‌ಗೆ ಹೆಚ್ಚೆಂದರೆ 10.9, ಹಾಗಾಗಿ ಪೂರ್ಣ ಅಂಕ 654.

ಸೆಕೆಂಡ್ ಹ್ಯಾಂಡ್ ಒಳ್ಳೆಯ ದಾರಿ, ಆದರೆ ಗಾಳಿಯ ಸಿಲಿಂಡರ್ ಮೇಲೆ ಕೊರೆದಿರುವ ತಾರೀಖು ನೋಡದೆ ಮುಂಗಡ ಕೊಡಬೇಡಿ. ಸಿಲಿಂಡರ್‌ಗೆ ಸಾಮಾನ್ಯವಾಗಿ ಹತ್ತು ವರ್ಷದ ಆಯುಷ್ಯ. ಅವಧಿ ಮೀರಿದ್ದನ್ನು ದೊಡ್ಡ ಪಂದ್ಯಗಳಲ್ಲಿ ಒಳಗೆ ಬಿಡದಿರಬಹುದು, ಮೇಲಾಗಿ 200 ಬಾರ್ ಒತ್ತಡ ತುಂಬುವ ವಸ್ತುವಿನಲ್ಲಿ ಹುಡುಗಾಟ ಸಲ್ಲದು. ಹೊಸ ಸಿಲಿಂಡರ್‌ನ ಬೆಲೆಯನ್ನು ರೈಫಲ್ ಬೆಲೆಗೆ ಸೇರಿಸಿಯೇ ಚೌಕಾಸಿ ಮಾಡಿ. ಕೈಪಂಪಿನಲ್ಲಿ ಗಾಳಿ ತುಂಬುವವರು ತೇವ ಹಿಡಿಯುವ ಫಿಲ್ಟರ್ ಹಾಕಿಸಿ. ಜುಲೈ ತಿಂಗಳ ಆಗುಂಬೆ ಗಾಳಿಯನ್ನು ಹಾಗೇ ಒಳಗೆ ತುಂಬಿದರೆ ವಾಲ್ವ್ ಕೆಡುತ್ತದೆ. ರೈಫಲ್ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇರಲಿ.

ಬೆಂಗಳೂರಿನ ಓಡಾಟ

ನಮ್ಮ ಕಡೆಯವರ ಲೆಕ್ಕದಲ್ಲಿ ತಪ್ಪಿಹೋಗುವುದು ಇದೇ. ಪಂದ್ಯದ ದಾರಿ ಕರ್ನಾಟಕ ರಾಜ್ಯ ರೈಫಲ್ ಅಸೋಸಿಯೇಷನ್ ಮೂಲಕ ಹೋಗುತ್ತದೆ, ಅದಿರುವುದು ಬೆಂಗಳೂರಿನಲ್ಲಿ. ಮಗು ಚಿಕ್ಕದಾದರೆ ಟಿಕೆಟ್ ಎರಡು. ಪಂದ್ಯ ಬೆಳಗ್ಗೆ ಇದ್ದರೆ ಹಿಂದಿನ ರಾತ್ರಿ ಉಳಿಯುವ ಖರ್ಚು. ವರ್ಷಕ್ಕೆ ನಾಲ್ಕೈದು ಸಲ ಎಂದರೂ 20,000 ತೆಗೆದಿಡಿ.

ಎಲ್ಲ ಸೇರಿಸಿದರೆ ಕ್ಲಬ್ ರೈಫಲ್‌ನಲ್ಲೇ ಕಲಿಯುವ ಮಗುವಿಗೆ ಮೊದಲ ವರ್ಷ ಜಾಕೆಟ್, ಪೆಲೆಟ್, ಓಡಾಟ, ಕೋಚ್ ಮತ್ತು ಸದಸ್ಯತ್ವದ ಶುಲ್ಕ ಎಲ್ಲಕ್ಕೂ ಸುಮಾರು ಒಂದು ಲಕ್ಷ. ಡ್ರೈ ಫೈರಿಂಗ್ ಚೆನ್ನಾಗಿ ರೂಢಿಸಿಕೊಂಡರೆ ಇನ್ನೂ ಕಡಿಮೆ. ಕೋಚ್ ಗೊತ್ತು ಮಾಡುವಾಗ ತಿಂಗಳ ಫೀಸಿನ ಜೊತೆಗೆ ಇನ್ನೆರಡು ಮಾತು ಕೇಳಿ: ರೇಂಜಿನ ರೈಫಲ್ ಒಂದನ್ನು ಎಷ್ಟು ಮಕ್ಕಳು ಹಂಚಿಕೊಳ್ಳುತ್ತಾರೆ, ಪೆಲೆಟ್ ಫೀಸಿನಲ್ಲಿ ಸೇರಿದೆಯೇ.