ಕ್ರೆಡಿಟ್ ವರದಿಯಲ್ಲಿ ತಪ್ಪಾಗಿ ದಾಖಲಾದ ತಡ ಪಾವತಿಯನ್ನು ತಿದ್ದಿಸುವ ಬಗೆ

ಕಂತನ್ನು ಗಡುವಿನೊಳಗೆ ಕಟ್ಟಿದ್ದರೂ ಕ್ರೆಡಿಟ್ ವರದಿಯಲ್ಲಿ ಆ ತಿಂಗಳ ಎದುರು ‘030’ (ಬಾಕಿ 30 ದಿನ ಹಳೆಯದು) ಎಂಬ ಅಂಕಿ ಕಾಣಿಸಿಕೊಂಡರೆ ಹೆಚ್ಚಿನವರು ಮೊದಲು ದೂರುವುದು ಸಾಲಗಾರರ ಪಾವತಿಯ ದಾಖಲೆ ಇಡುವ ಸಿಬಿಲ್ ಸಂಸ್ಥೆಯನ್ನು. ಆದರೆ ಆ ಅಂಕಿಯ ಮೂಲ ಸಾಲ ಕೊಟ್ಟ ಬ್ಯಾಂಕಿನಲ್ಲೋ ಫೈನಾನ್ಸ್ ಕಂಪನಿಯಲ್ಲೋ ಇರುತ್ತದೆ. ಅವರು ಕಳುಹಿಸಿದ ಮಾಹಿತಿಯನ್ನು ಸಿಬಿಲ್ ತನ್ನ ಕಡತಕ್ಕೆ ಸೇರಿಸಿಕೊಂಡಿರುತ್ತದೆ, ಅಷ್ಟೆ. 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ನಿಯಂತ್ರಣ ಕಾಯ್ದೆಯ 21ನೇ ಸೆಕ್ಷನ್, ತನ್ನ ಮಾಹಿತಿಯನ್ನು ತಿದ್ದುವಂತೆ ಕೇಳುವ ಹಕ್ಕನ್ನು ಸಾಲಗಾರನಿಗೆ ಕೊಡುತ್ತದೆ. ಅದರ ಜೊತೆಗೇ, ಸಾಲ ಕೊಟ್ಟ ಸಂಸ್ಥೆ ಸರಿಯೆಂದು ದೃಢೀಕರಿಸಿದ ಬಳಿಕವೇ ತಿದ್ದುಪಡಿ ಮಾಡಬೇಕೆಂದೂ ಹೇಳುತ್ತದೆ. ಹೀಗಾಗಿ ಸಿಬಿಲ್‌ಗೆ ಮಾತ್ರ ಬರೆದು ಕಾಯುತ್ತ ಕುಳಿತರೆ, ಬೀಗದ ಕೈ ಇಲ್ಲದವರ ಬಳಿ ಬಾಗಿಲು ತೆರೆಯಿರೆಂದು ಕೇಳಿದಂತಾಗುತ್ತದೆ. ದೂರು ಎರಡೂ ಕಡೆ ಹೋಗಬೇಕು, ಸಾಧ್ಯವಾದರೆ ಒಂದೇ ದಿನ.

ಮೊದಲು ವರದಿಯನ್ನು ತರಿಸಿಕೊಳ್ಳಿ. ಭಾರತದಲ್ಲಿ ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್ ಎಂಬ ನಾಲ್ಕು ಕ್ರೆಡಿಟ್ ಮಾಹಿತಿ ಕಂಪನಿಗಳಿವೆ. 2017ರ ಜನವರಿಯಿಂದ ಇವುಗಳಲ್ಲಿ ಪ್ರತಿಯೊಂದೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಕೇಳಿದವರಿಗೆ ಉಚಿತವಾಗಿ ಕೊಡಬೇಕು. ಮೊಬೈಲ್ ಆ್ಯಪ್‌ಗಳು ಪುಕ್ಕಟೆಯಾಗಿ ತೋರಿಸುವ ಕ್ರೆಡಿಟ್ ಅಂಕ (ಸ್ಕೋರ್) ಈ ಕೆಲಸಕ್ಕೆ ಸಾಲದು, ಏಕೆಂದರೆ ನಿಮಗೆ ಬೇಕಾಗಿರುವುದು ತಿಂಗಳು ತಿಂಗಳ ದಾಖಲೆ. ನಾಲ್ಕೂ ವರದಿಗಳನ್ನು ತರಿಸಿ, ತಪ್ಪು ಯಾವುದರಲ್ಲೆಲ್ಲ ಇದೆಯೆಂದು ನೋಡಿಕೊಳ್ಳಿ.

ಸಿಬಿಲ್ ವರದಿಯಲ್ಲಿ ಪ್ರತಿ ಸಾಲದ ಕೆಳಗೂ ಸುಮಾರು 36 ತಿಂಗಳ ಪಾವತಿಯ ಚರಿತ್ರೆ ಇರುತ್ತದೆ. ಅಲ್ಲಿ ‘000’ ಎಂದಿದ್ದರೆ ಬಾಕಿ ಇರಲಿಲ್ಲವೆಂದರ್ಥ. ಬೇರೆ ಅಂಕಿ ಇದ್ದರೆ ಬಾಕಿ ಅಷ್ಟು ದಿನ ಹಳೆಯದಾಗಿತ್ತೆಂದರ್ಥ. ‘ಎಕ್ಸ್‌ಎಕ್ಸ್‌ಎಕ್ಸ್’ ಕಂಡು ಗಾಬರಿಯಾಗಬೇಕಿಲ್ಲ, ಆ ತಿಂಗಳ ಮಾಹಿತಿ ಬಂದಿಲ್ಲವೆಂದಷ್ಟೇ ಅದು ಸೂಚಿಸುತ್ತದೆ. ‘ಎಸ್‌ಟಿಡಿ’ ಎಂದರೆ ಖಾತೆ ಸುಸ್ಥಿತಿಯಲ್ಲಿದೆ ಎಂದು.

ದೂರು ಬರೆಯುವ ಮುನ್ನ ಗುರುತು ನಿಜವಾಗಿಯೂ ತಪ್ಪೇ ಎಂಬುದನ್ನು ಪಕ್ಷಪಾತವಿಲ್ಲದೆ ಪರಿಶೀಲಿಸಬೇಕು, ಏಕೆಂದರೆ ಬಹುಪಾಲು ದೂರುಗಳ ಹಣೆಬರಹ ಇಲ್ಲಿಯೇ ನಿರ್ಧಾರವಾಗುತ್ತದೆ. ಒಂದು ಹಾಳೆಯಲ್ಲಿ ನಾಲ್ಕು ದಿನಾಂಕಗಳನ್ನು ಬರೆದುಕೊಳ್ಳಿ: ಕಂತಿನ ಗಡುವು, ನಿಮ್ಮ ಖಾತೆಯಿಂದ ಹಣ ಹೋದ ದಿನ, ಆ ಹಣ ಸಾಲದ ಖಾತೆಗೆ ಜಮೆಯಾದ ದಿನ, ಮತ್ತು ಸಂಸ್ಥೆ ಮಾಹಿತಿ ವರದಿ ಮಾಡಿದ ದಿನ. ಗಡುವಿನ ದಿನ ಉಳಿತಾಯ ಖಾತೆಯಲ್ಲಿ ಹಣ ಸಾಲದೆ ಎನ್‌ಎಸಿಎಚ್ (ಕಂತನ್ನು ಖಾತೆಯಿಂದ ತಾನಾಗಿ ಕಡಿಯುವ ವ್ಯವಸ್ಥೆ) ಮೂಲಕದ ಕಡಿತ ವಿಫಲವಾಗಿ, ನೀವು ವಾರದ ಮೇಲೆ ಕಟ್ಟಿದ್ದರೆ, ಆ ನಡುವೆ ವರದಿಯಾದ ಗುರುತು ಸತ್ಯವೇ. ಅದನ್ನು ಅಳಿಸುವಂತೆ ಕೇಳಲು ಹಕ್ಕಿಲ್ಲ, ಶುಲ್ಕ ಪಡೆದು ಅಳಿಸಿಕೊಡುತ್ತೇವೆನ್ನುವ ಏಜೆಂಟರಿಗೂ ಆ ಅಧಿಕಾರವಿಲ್ಲ. ಆದರೆ ಹಣ ಗಡುವಿನೊಳಗೇ ತಲುಪಿದ್ದೂ ತಪ್ಪು ಸಾಲದ ಖಾತೆಗೋ ಲೆಕ್ಕ ತಿಳಿಯದ ಹಣವನ್ನು ತಾತ್ಕಾಲಿಕವಾಗಿ ಇಡುವ ಸಸ್ಪೆನ್ಸ್ ಖಾತೆಗೋ ಜಮೆಯಾಗಿದ್ದರೆ, ಖಾತೆಯಲ್ಲಿ ಸಾಕಷ್ಟು ಹಣವಿದ್ದೂ ಸಂಸ್ಥೆಯವರು ಕಡಿತದ ಕೋರಿಕೆಯನ್ನೇ ಕಳುಹಿಸದಿದ್ದರೆ, ಅಥವಾ ತೀರಿಸಿ ಮುಗಿಸಿದ ಸಾಲ ಇನ್ನೂ ಬಾಕಿ ತೋರಿಸುತ್ತಿದ್ದರೆ, ನಿಮ್ಮ ಪಕ್ಷ ಗಟ್ಟಿಯಾಗಿದೆ.

ಕ್ರೆಡಿಟ್ ಕಾರ್ಡ್‌ಗೆ ಪ್ರತ್ಯೇಕ ನಿಯಮವೊಂದಿದೆ. ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದ ಪ್ರಕಾರ, ಗಡುವು ಮೀರಿ ಮೂರು ದಿನಗಳಿಗಿಂತ ಹೆಚ್ಚು ಕಾಲ ಬಾಕಿ ಉಳಿದಾಗ ಮಾತ್ರ ಕಾರ್ಡ್ ಕೊಟ್ಟವರು ಅದನ್ನು ತಡ ಪಾವತಿ ಎಂದು ವರದಿ ಮಾಡಬಹುದು ಮತ್ತು ವಿಳಂಬ ಶುಲ್ಕ ಹಾಕಬಹುದು. ಗಡುವು 10ನೇ ತಾರೀಕಾಗಿದ್ದು ನೀವು 12ರಂದು ಪೂರ್ತಿ ಕಟ್ಟಿದ್ದರೆ ಗುರುತು ಬೀಳುವಂತಿಲ್ಲ. ನಾಲ್ಕನೇ ದಿನಕ್ಕೆ ಹೋದರೆ ಮಾತ್ರ ಎಣಿಕೆ ಮೂಲ ಗಡುವಿನಿಂದಲೇ ಶುರುವಾಗುತ್ತದೆ. ನಿಮ್ಮನ್ನು ಸುಸ್ತಿದಾರರೆಂದು ವರದಿ ಮಾಡುವ ಮುನ್ನ ಏಳು ದಿನಗಳ ಸೂಚನೆ ಕೊಡಬೇಕೆಂಬ ನಿಯಮವೂ ಕಾರ್ಡ್ ಕಂಪನಿಗಳಿಗಿದೆ. ಅಂತಹ ಸೂಚನೆ ಬಂದಿಲ್ಲವಾದರೆ ದೂರಿನಲ್ಲಿ ಅದನ್ನು ಬೇರೆ ವಾಕ್ಯವಾಗಿ ಬರೆಯಿರಿ.

ನಮ್ಮ ಹಳ್ಳಿಗಳಲ್ಲಿ ಈ ತೊಂದರೆ ಬೇರೆಯೇ ರೂಪದಲ್ಲಿ ಬರುತ್ತದೆ. ಮೈಕ್ರೋಫೈನಾನ್ಸ್ ಸಾಲದ ವಾರದ ಕಂತನ್ನು ಮಹಿಳೆಯರು ಸಂಘದ ಸಭೆಯಲ್ಲಿ ಸಿಬ್ಬಂದಿಯ ಕೈಗೆ ನಗದಾಗಿ ಕೊಡುತ್ತಾರೆ. ಆ ಹಣ ಕಚೇರಿಯ ಲೆಕ್ಕಕ್ಕೆ ಏರದಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಎಂಬ ಸಾಕ್ಷಿಯೇ ಇರುವುದಿಲ್ಲ. ಇಂಥ ಸಾಲಕ್ಕೆ ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಲೋನ್ ಕಾರ್ಡ್ ಕೊಡಬೇಕು, ಕಟ್ಟಿದ ಪ್ರತಿ ಕಂತಿಗೂ ಸಾಲ ಮುಗಿದದ್ದಕ್ಕೂ ಅದರಲ್ಲಿ ಸ್ವೀಕೃತಿ ದಾಖಲಿಸಬೇಕು ಎಂಬುದು 2022ರ ಮೈಕ್ರೋಫೈನಾನ್ಸ್ ನಿಯಮ. ಸಹಿ ಬೀಳದೆ ಕಾರ್ಡನ್ನು ಮನೆಗೆ ತರಬಾರದು. ಮುಂದೆ ಇದೇ ಕಾರ್ಡಿನ ಪುಟಗಳ ಪ್ರತಿ ದೂರಿಗೆ ಮುಖ್ಯ ಆಧಾರವಾಗುತ್ತದೆ.

ಉಳಿದವರು ಸಾಲದ ಖಾತೆಯ ಪೂರ್ಣ ಸ್ಟೇಟ್‌ಮೆಂಟ್, ಹಣ ಹೋದ ಉಳಿತಾಯ ಖಾತೆಯ ಸ್ಟೇಟ್‌ಮೆಂಟ್, ಪಾವತಿಯ ಯುಟಿಆರ್ ಸಂಖ್ಯೆ (ಪ್ರತಿ ಹಣ ವರ್ಗಾವಣೆಗೆ ಬ್ಯಾಂಕ್ ಕೊಡುವ ಗುರುತಿನ ಸಂಖ್ಯೆ), ಸಾಲ ಮುಗಿದಿದ್ದರೆ ಬಾಕಿಯಿಲ್ಲವೆಂಬ ನೋ ಡ್ಯೂಸ್ ಪತ್ರ, ಮತ್ತು ತಪ್ಪು ಕಾಣುವ ವರದಿಯ ಪುಟ, ಇಷ್ಟನ್ನು ಲಗತ್ತಿಸಿದರೆ ಸಾಕು. ಪರದೆಯ ಚಿತ್ರಕ್ಕಿಂತ ಬ್ಯಾಂಕಿನಿಂದ ಪಡೆದ ಸ್ಟೇಟ್‌ಮೆಂಟಿಗೆ ಬೆಲೆ ಹೆಚ್ಚು.

ಅರ್ಜಿ ಚಿಕ್ಕದಾಗಿರಲಿ. ಕಷ್ಟಸುಖದ ವಿವರಣೆ ಬೇಡ. ಓದುವ ಗುಮಾಸ್ತರಿಗೆ ಬೇಕಾದದ್ದು ದಿನಾಂಕ, ಮೊತ್ತ ಮತ್ತು ಬೇಡಿಕೆ. ಹೀಗೆ ಬರೆಯಬಹುದು:

“ಮಾನ್ಯರೇ, ನನ್ನ ಸಾಲ ಖಾತೆ ಸಂಖ್ಯೆ ... ರ ಮಾರ್ಚ್ ತಿಂಗಳ ಕಂತು ರೂ. ... ಅನ್ನು ಗಡುವಾದ 5ನೇ ತಾರೀಕಿಗೆ ಮುನ್ನವೇ, 3ನೇ ತಾರೀಕಿನಂದು ಯುಟಿಆರ್ ಸಂಖ್ಯೆ ... ರ ಮೂಲಕ ಪಾವತಿಸಿರುತ್ತೇನೆ. ಆದರೂ ... ಕಂಪನಿಯ ಕ್ರೆಡಿಟ್ ವರದಿಯಲ್ಲಿ ಆ ತಿಂಗಳಿಗೆ 030 ದಿನಗಳ ಬಾಕಿ ಎಂದು ದಾಖಲಾಗಿದೆ. ದಯವಿಟ್ಟು ಇದನ್ನು 000 ಎಂದು ತಿದ್ದಿ, ಎಲ್ಲ ಕ್ರೆಡಿಟ್ ಮಾಹಿತಿ ಕಂಪನಿಗಳಿಗೂ ಸರಿಯಾದ ಮಾಹಿತಿಯನ್ನು ಕಳುಹಿಸಿ, ನನಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ತಿದ್ದಲು ಸಾಧ್ಯವಿಲ್ಲವೆಂದಾದರೆ ಕಾರಣವನ್ನು ತಿಳಿಸಬೇಕು.”

ಇದನ್ನು ಬ್ಯಾಂಕಿನ ಕುಂದುಕೊರತೆ ವಿಭಾಗಕ್ಕೆ ಇಮೇಲ್ ಮಾಡಿ, ಶಾಖೆಯಲ್ಲಿ ಕೊಟ್ಟರೆ ಮೊಹರು ಹಾಕಿದ ಪ್ರತಿಯನ್ನು ಪಡೆಯಿರಿ. ದತ್ತಾಂಶ ತಿದ್ದುವ ವಿಭಾಗ ಹೊರರಾಜ್ಯದ ಕೇಂದ್ರ ಕಚೇರಿಯಲ್ಲಿ ಇರಬಹುದಾದ್ದರಿಂದ ಕನ್ನಡದ ಅರ್ಜಿಯೊಂದಿಗೆ ಇಂಗ್ಲಿಷ್ ಪ್ರತಿಯನ್ನೂ ಇಡುವುದು ಜಾಣತನ. ಅದೇ ದಿನ ಕ್ರೆಡಿಟ್ ಮಾಹಿತಿ ಕಂಪನಿಯ ಜಾಲತಾಣದಲ್ಲಿ ವಿವಾದ ಸಲ್ಲಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು ದೂರಾಗುವುದಿಲ್ಲ. ಸಂಖ್ಯೆಯೋ ಮೊಹರೋ ಇಲ್ಲದಿದ್ದರೆ ದಿನಗಳ ಎಣಿಕೆ ಶುರುವಾದದ್ದನ್ನು ತೋರಿಸಲಾಗದು.

ಈ ಎಣಿಕೆಗೆ 2024ರ ಏಪ್ರಿಲ್ 26ರಿಂದ ಹಣದ ಬೆಲೆಯೂ ಬಂದಿದೆ. ದೂರು ಕೊಟ್ಟ 30 ದಿನಗಳೊಳಗೆ ಅದು ಇತ್ಯರ್ಥವಾಗದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಸಿಗಬೇಕು; 49ನೇ ದಿನ ಸರಿಯಾದರೆ 19 ದಿನಗಳ 1,900 ರೂಪಾಯಿ ನಿಮ್ಮದು. ಸಾಲ ಕೊಟ್ಟ ಸಂಸ್ಥೆ 21 ದಿನಗಳೊಳಗೆ ಸರಿಯಾದ ಮಾಹಿತಿ ಕಳುಹಿಸದಿದ್ದರೆ ಪರಿಹಾರ ಅದರ ಹೊಣೆ, ಅದು ಕಳುಹಿಸಿದ ಮೇಲೂ ತಡವಾದರೆ ಕ್ರೆಡಿಟ್ ಮಾಹಿತಿ ಕಂಪನಿಯ ಹೊಣೆ. ದೂರು ಮುಗಿದ ಐದು ಕೆಲಸದ ದಿನಗಳಲ್ಲಿ ಹಣ ಖಾತೆಗೆ ಬರಬೇಕು. ಆದ್ದರಿಂದ ದೂರಿನ ನಮೂನೆಯಲ್ಲಿ ಬ್ಯಾಂಕ್ ಖಾತೆ ಅಥವಾ ಯುಪಿಐ ವಿವರ ಕೇಳುವ ಜಾಗವನ್ನು ಖಾಲಿ ಬಿಡಬೇಡಿ. ಅಂಕ ಕಡಿಮೆಯಿದೆ, ಸಾಲ ಕೊಡಲಿಲ್ಲ ಎಂಬ ದೂರುಗಳಿಗೆ ಈ ಪರಿಹಾರ ಅನ್ವಯಿಸುವುದಿಲ್ಲ.

ಮಧ್ಯದಲ್ಲಿ ವಸೂಲಿ ವಿಭಾಗದಿಂದ ಕರೆ ಬಂದು, ವಿವಾದದ ಮೊತ್ತದಲ್ಲಿ ಒಂದಷ್ಟು ಕಟ್ಟಿ ‘ಸೆಟಲ್’ ಮಾಡಿಕೊಳ್ಳಿ ಎಂದರೆ ಒಪ್ಪುವ ಮುನ್ನ ಎರಡು ಬಾರಿ ಯೋಚಿಸಿ. ಖಾತೆ ‘ಸೆಟಲ್ಡ್’ ಎಂದು ದಾಖಲಾದರೆ, ಪೂರ್ತಿ ತೀರಿಸಲಿಲ್ಲವೆಂದು ಮುಂದಿನ ಸಾಲದಾತರು ಅದನ್ನು ಓದಿಕೊಳ್ಳುತ್ತಾರೆ; ಒಂದು ತಿಂಗಳ ತಪ್ಪು ಗುರುತಿಗಿಂತ ಅದು ದೊಡ್ಡ ಕಲೆ.

ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ಕೊಡದಿದ್ದರೆ, ತಡಮಾಡದೆ, ಗ್ರಾಹಕರ ದೂರುಗಳನ್ನು ತೀರ್ಮಾನಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಸಿಎಂಎಸ್ ಎಂಬ ದೂರು ಜಾಲತಾಣದ ಮೂಲಕ ಶುಲ್ಕವಿಲ್ಲದೆ ದೂರಬಹುದು. 2022ರ ಸೆಪ್ಟೆಂಬರ್ 1ರಿಂದ ಕ್ರೆಡಿಟ್ ಮಾಹಿತಿ ಕಂಪನಿಗಳೂ ಈ ವ್ಯವಸ್ಥೆಯ ಒಳಗಿವೆ. ವಿಧಾನ ತಿಳಿಯದವರು 14448ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು. ಮೊದಲು ಸಂಸ್ಥೆಗೆ ಬರೆದ ದೂರಿನ ಪ್ರತಿ ಇಲ್ಲದೆ ಇಲ್ಲಿಗೆ ಹೋದರೆ ಅರ್ಜಿ ನಿಲ್ಲುವುದಿಲ್ಲ. ವಿಷಯ ಈಗಾಗಲೇ ನ್ಯಾಯಾಲಯದಲ್ಲಿದ್ದರೂ ಹಾಗೆಯೇ.

ತಿದ್ದುಪಡಿಯಾಯಿತೆಂಬ ಸಂದೇಶ ಬಂದ ಮೇಲೆ ನಾಲ್ಕೂ ಕಂಪನಿಗಳ ಕಡತವನ್ನು ಮತ್ತೊಮ್ಮೆ ನೋಡಬೇಕು. ಸಾಲ ಕೊಟ್ಟವರು 2025ರ ಜನವರಿಯಿಂದ ಕನಿಷ್ಠ ಹದಿನೈದು ದಿನಗಳಿಗೊಮ್ಮೆ ಮಾಹಿತಿ ಕಳುಹಿಸಬೇಕಾಗಿದೆ. ಅವರ ಮೂಲ ಲೆಕ್ಕದಲ್ಲಿ ತಪ್ಪು ಹಾಗೇ ಉಳಿದಿದ್ದರೆ ಮುಂದಿನ ಬಾರಿ ಕಳುಹಿಸುವ ಮಾಹಿತಿಯೊಂದಿಗೆ ಅದೇ ಗುರುತು ಮರಳಿ ಬರಬಹುದು. ಸಾಲಕ್ಕೆ ಯಾರಾದರೂ ಜಾಮೀನು ನಿಂತಿದ್ದರೆ ಅವರ ವರದಿಯನ್ನೂ ತೆಗೆಸಿ ನೋಡುವಂತೆ ಹೇಳಿ, ಏಕೆಂದರೆ ಆ ಸಾಲ ಅವರ ಹೆಸರಿನಲ್ಲೂ ಕಾಣಿಸಿಕೊಳ್ಳುತ್ತದೆ.